ಮಾದಪ್ಪಾ, ಹೆಣ್ಣು ಕೊಡಿಸಪ್ಪಾ!

1965ರಲ್ಲಿ ಬಂದ ಅಣ್ಣಾವ್ರ ಸಿನಿಮಾ ಅಂದ್ರೆ ಎಲ್ಲರ ಬಾಯಲ್ಲೂ ಬರೋದು ‘ಸತ್ಯ ಹರಿಶ್ಚಂದ್ರ’. ಅದೇ ವರ್ಷ, ಅದೇ ಹುಣಸೂರು ಕೃಷ್ಣಮೂರ್ತಿಯವರು ಅಣ್ಣಾವ್ರನ್ನೇ ಹಾಕಿಕೊಂಡು ಹಾಡು-ನಗುವಿನ ಇನ್ನೊಂದು ಸಿನಿಮಾ ಮಾಡಿದ್ದರು. ‘ಮದುವೆ ಮಾಡಿ ನೋಡು’. ಸಂಗೀತ ಘಂಟಸಾಲ ಅವರದು. ಹರಿಶ್ಚಂದ್ರನ ಮುಂದೆ ಇದು ಮರೆತೇ ಹೋಯಿತು.

ಕಥೆ ಇಷ್ಟೇ. ವರದಕ್ಷಿಣೆ ಬರಲಿಲ್ಲ ಅಂತ ಅಪ್ಪ ಸೊಸೆಯನ್ನು ಮನೆ ತುಂಬಿಸಿಕೊಳ್ಳಲ್ಲ. ಅಪ್ಪನ ಮುಂದೆ ನಿಂತು ಮಾತಾಡಲಾಗದ ಮಗ ಹುಚ್ಚನ ವೇಷ ಹಾಕುತ್ತಾನೆ. ಹೆಂಡತಿ ಅದೇ ಮನೆಗೆ ನರ್ಸ್ ಆಗಿ ಬರುತ್ತಾಳೆ! 1952ರ ತೆಲುಗು ಚಿತ್ರದ ರೀಮೇಕ್ ಇದು. ಅಷ್ಟರಲ್ಲಿ, 1961ರಲ್ಲೇ, ವರದಕ್ಷಿಣೆ ನಿಷೇಧ ಕಾಯ್ದೆ ಬಂದಿತ್ತು. ಆದರೂ ಕಥೆ ಹಳೆಯದಾಗಿರಲಿಲ್ಲ. ಇವತ್ತಿಗೂ ಆಗಿಲ್ಲ.

ಈಗ ಭಾರತೀನಗರಕ್ಕೆ ಬನ್ನಿ. ನಮ್ಮ ಜನರ ಬಾಯಲ್ಲಿ ಕೆ.ಎಂ.ದೊಡ್ಡಿ. ಸುತ್ತ ಕಬ್ಬಿನ ಗದ್ದೆ, ಊರಲ್ಲಿ ಸಕ್ಕರೆ ಕಾರ್ಖಾನೆ. 2023ರ ಫೆಬ್ರವರಿಯಲ್ಲಿ ಮದುವೆಯಾಗದ ಯುವಕರು ಇಲ್ಲಿಂದಲೇ ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೊರಟರು. ಬೇಡಿಕೆ ಒಂದೇ: ಮಾದಪ್ಪಾ, ಹೆಣ್ಣು ಕೊಡಿಸಪ್ಪಾ! ದೇಶವೆಲ್ಲ ನೋಡಿ ನಕ್ಕಿತು.

ನಗಬೇಡಿ ಸ್ವಾಮಿ. ಸಿನಿಮಾದಲ್ಲಿ ಗಂಡಿನ ಅಪ್ಪ ರೇಟು ಕಟ್ಟುತ್ತಿದ್ದ. ಈಗ ಹೆಣ್ಣಿನ ಮನೆಯವರು ಬೆಂಗಳೂರು ಕೆಲಸ ಇದೆಯಾ ಅಂತ ಕೇಳುತ್ತಾರೆ. ನಾನೂ ಇಂಜಿನಿಯರಿಂಗ್ ಓದಿದವನೇ. ಆ ಸರ್ಟಿಫಿಕೇಟಿಗೆ ಸಿಗುವ ಮರ್ಯಾದೆ ಎರಡು ಎಕರೆ ನೀರಾವರಿ ಜಮೀನಿಗೆ ಯಾಕಿಲ್ಲ? ಹಾಗಂತ ಹೆಣ್ಣುಮಕ್ಕಳನ್ನು ಬೈಯೋದು ತಪ್ಪು. ಬೇಸಾಯಕ್ಕೆ ಬೆಲೆಯಿಲ್ಲ ಅಂತ ಅವರಿಗೆ ಹೇಳಿಕೊಟ್ಟವರು ನಾವೇ, ಬೆಳೆಗೆ ಸರಿಯಾದ ಬೆಲೆ ಕೊಡದವರೂ ನಾವೇ.

ಇನ್ನೊಂದು ಮಾತು, ಕಹಿ ಮಾತು. ಅದೇ 2023ರ ಕೊನೆಗೆ ಮಂಡ್ಯದ ಆಲೆಮನೆಯೊಂದರಲ್ಲಿ ಭ್ರೂಣಲಿಂಗ ಪತ್ತೆ ಮಾಡುತ್ತಿದ್ದ ಜಾಲ ಸಿಕ್ಕಿಬಿತ್ತು. ಬೆಲ್ಲ ಮಾಡೋ ಜಾಗದಲ್ಲಿ ಸ್ಕ್ಯಾನಿಂಗ್! ಹೆಣ್ಣಾದರೆ ವರದಕ್ಷಿಣೆ ಎಲ್ಲಿಂದ ತರೋದು ಅನ್ನುವ ಭಯ ಒಂದು ಕಡೆ. ಸೊಸೆ ಸಿಗುತ್ತಿಲ್ಲ ಅನ್ನುವ ಗೋಳು ಇನ್ನೊಂದು ಕಡೆ. ಎರಡೂ ಒಂದೇ ಹಗ್ಗದ ಎರಡು ತುದಿ. ಹುಟ್ಟಲು ಬಿಡದೆ ಹೋದ ಮಗಳನ್ನು ಮಾದಪ್ಪ ಎಲ್ಲಿಂದ ತಂದುಕೊಡಬೇಕು?

ಆ ಸಿನಿಮಾ ಸಿಕ್ಕರೆ ಮನೆಮಂದಿಯೆಲ್ಲ ಕೂತು ನೋಡಿ. ನಗು ಬರುತ್ತೆ. ನಕ್ಕು ಮುಗಿದ ಮೇಲೆ ನಿಮ್ಮ ಮಗನನ್ನು, ಮಗಳನ್ನು ಪಕ್ಕಕ್ಕೆ ಕರೆದು ಒಂದೇ ಪ್ರಶ್ನೆ ಕೇಳಿ: ನಿನಗೇನು ಬೇಕಪ್ಪ? ನಿನಗೇನು ಬೇಕಮ್ಮ? ಹುಚ್ಚನ ವೇಷ ಹಾಕದೆ, ಬೆಟ್ಟ ಹತ್ತದೆ ಅವರು ಉತ್ತರ ಹೇಳುವ ಹಾಗಿರಲಿ.