ಅತಿಭಾರಾರೋಪಣ: ದುಡಿಮೆಗೆ ಮಿತಿ ಹಾಕುವವರು ಯಾರು?

(ಪುಣೆ ಜಿಲ್ಲೆಯ ಭೋರಿನಲ್ಲಿ ಸೇರಿದ್ದ ಕನ್ನಡ ಜೈನ ಕುಟುಂಬಗಳ ಸಭೆಯಲ್ಲಿ ಮಾಡಿದ ಭಾಷಣದ ಪಠ್ಯ)



ನನಗೆ ಕೊಟ್ಟಿರುವ ವಿಷಯ ‘ಉದ್ಯೋಗ ಮತ್ತು ಧರ್ಮ’. ಇಂಥ ವಿಷಯದ ಮೇಲೆ ಪ್ರಾಮಾಣಿಕತೆ, ಶ್ರದ್ಧೆ, ದಾನ ಇವುಗಳನ್ನು ಕುರಿತು ನಾಲ್ಕು ಒಳ್ಳೆಯ ಮಾತು ಹೇಳಿ ಕುಳಿತುಕೊಳ್ಳುವುದು ವಾಡಿಕೆ. ನಾನು ಇಂದು ತುಸು ಇಕ್ಕಟ್ಟಿನ ಪ್ರಶ್ನೆಯೊಂದನ್ನು ಎತ್ತಿಕೊಳ್ಳುತ್ತೇನೆ. ನಮ್ಮ ಮಕ್ಕಳಿಂದ ದಿನಕ್ಕೆ ಎಷ್ಟು ಗಂಟೆ ದುಡಿಸಿಕೊಳ್ಳಬಹುದು? ಆ ಮಿತಿಯನ್ನು ಗೊತ್ತುಮಾಡುವವರು ಯಾರು?

ಭೋರ್ ಈ ಪ್ರಶ್ನೆಗೆ ತಕ್ಕ ಊರು. ಒಂದು ಕಡೆ ಸಹ್ಯಾದ್ರಿಯ ಮಡಿಲು, ಭಾಟಘರ್ ಜಲಾಶಯದ ನೀರು. ಇನ್ನೊಂದು ಕಡೆ ಹೆದ್ದಾರಿ, ಶಿರವಳದ ಕಾರ್ಖಾನೆಗಳ ಸಾಲು. ಇಲ್ಲಿಯ ಮಕ್ಕಳು ಕಾರ್ಖಾನೆಯ ಪಾಳಿಗೂ ಹೋಗುತ್ತಾರೆ, ಪುಣೆಯ ಹಿಂಜೆವಾಡಿ, ಖರಾಡಿಯ ಗಾಜಿನ ಕಟ್ಟಡಗಳಿಗೂ ಹೋಗುತ್ತಾರೆ. ಎರಡು ಕಡೆಯಿಂದಲೂ ರಾತ್ರಿ ತಡವಾಗಿ ಮರಳುವವರ ಮುಖ ಒಂದೇ ಬಗೆಯಾಗಿರುತ್ತದೆ.

2024ರ ಜುಲೈ ತಿಂಗಳಲ್ಲಿ ಪುಣೆಯಲ್ಲಿ ನಡೆದ ಒಂದು ಸಾವು ನಿಮಗೆಲ್ಲ ನೆನಪಿರಬೇಕು. ಅರ್ನ್ಸ್ಟ್ ಆ್ಯಂಡ್ ಯಂಗ್ ಜಾಲಕ್ಕೆ ಸೇರಿದ ಲೆಕ್ಕಪರಿಶೋಧನಾ ಕಚೇರಿಯಲ್ಲಿ ಚಾರ್ಟರ್ಡ್ ಅಕೌಂಟೆಂಟ್ ಆಗಿ ಸೇರಿ ನಾಲ್ಕು ತಿಂಗಳಾಗಿದ್ದ ತರುಣಿಯೊಬ್ಬಳು ತೀರಿಕೊಂಡಳು. ಮಿತಿಮೀರಿದ ಕೆಲಸವೇ ಮಗಳನ್ನು ಕುಗ್ಗಿಸಿತೆಂದು ತಾಯಿ ಸಂಸ್ಥೆಯ ಮುಖ್ಯಸ್ಥರಿಗೆ ಬರೆದ ಪತ್ರ ಸೆಪ್ಟೆಂಬರಿನಲ್ಲಿ ದೇಶವೆಲ್ಲ ಓದುವಂತಾಯಿತು. ಕೆಲಸದ ಒತ್ತಡದಿಂದ ಸಾವು ಸಂಭವಿಸಿತೆಂಬುದನ್ನು ಸಂಸ್ಥೆ ಒಪ್ಪಲಿಲ್ಲ. ಆ ಸಾವಿನ ವೈದ್ಯಕೀಯ ಕಾರಣವನ್ನು ತೀರ್ಮಾನಿಸುವುದು ನನ್ನ ಕೆಲಸವಲ್ಲ. ಆದರೆ ಅನಂತರ ಬೆಳಕಿಗೆ ಬಂದ ಒಂದು ಸಂಗತಿಯನ್ನು ನಾವು ಮರೆಯಬಾರದು. ಕಾರ್ಮಿಕ ಇಲಾಖೆಯ ಅಧಿಕಾರಿಗಳು ಆ ಕಚೇರಿಗೆ ಹೋಗಿ ನೋಡಿದಾಗ, 2007ರಿಂದ ನಡೆಯುತ್ತಿದ್ದ ಕಚೇರಿಗೆ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆಯ ನೋಂದಣಿಯೇ ಇರಲಿಲ್ಲವೆಂದು ಪತ್ರಿಕೆಗಳು ವರದಿ ಮಾಡಿದವು. ಬೀದಿ ಬದಿಯ ಕಿರಾಣಿ ಅಂಗಡಿಯವನು ಫಲಕದ ಪಕ್ಕದಲ್ಲಿ ತೂಗುಹಾಕುವ ಆ ಕಾಗದ ಅಲ್ಲಿ ಇರಲಿಲ್ಲ. ಹದಿನೇಳು ವರ್ಷ ಯಾರೂ ಹೋಗಿ ಕೇಳಿರಲಿಲ್ಲ. ಕೇಳುವುದಕ್ಕೆ ಒಂದು ಸಾವು ಬೇಕಾಯಿತು.

ಕಾಯ್ದೆ ಇರಲಿಲ್ಲವೇ? ಇತ್ತು. ಮಹಾರಾಷ್ಟ್ರದ 2017ರ ಕಾಯ್ದೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆಗಳ ಮಿತಿ ಹಾಕಿತ್ತು. ಮಿತಿ ಮೀರಿದ ದುಡಿಮೆಗೆ ಎರಡರಷ್ಟು ಕೂಲಿ ಕೊಡಬೇಕೆಂದಿತ್ತು. ಈ ಸಭೆಯಲ್ಲಿರುವ ತರುಣರಲ್ಲಿ ಎಷ್ಟು ಮಂದಿ ಅಂಥ ಎರಡರಷ್ಟು ಕೂಲಿಯನ್ನು ಕಣ್ಣಾರೆ ಕಂಡಿದ್ದೀರಿ? ಉತ್ತರವನ್ನು ನಿಮ್ಮ ಮೌನದಿಂದಲೇ ತಿಳಿಯಬಹುದು.

ಈಗ ನಮ್ಮ ಶಾಸ್ತ್ರದ ಕಡೆಗೆ ಒಂದು ಕ್ಷಣ ತಿರುಗೋಣ. ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಉಮಾಸ್ವಾತಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಎಣಿಸಿದ್ದಾರೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಕಟ್ಟಿಹಾಕುವುದು, ಹೊಡೆಯುವುದು, ಅಂಗ ಕತ್ತರಿಸುವುದು ಇವು ಹಿಂಸೆಯೆಂದು ಹೇಳುವುದಕ್ಕೆ ಶಾಸ್ತ್ರ ಬೇಕಿಲ್ಲ. ಹೊರಲಾರದಷ್ಟು ಹೊರೆ ಹೊರಿಸುವುದನ್ನೂ ಹೊತ್ತಿಗೆ ಸರಿಯಾಗಿ ಅನ್ನ ನೀರು ಸಿಗದಂತೆ ಮಾಡುವುದನ್ನೂ ಅದೇ ಸಾಲಿನಲ್ಲಿ ಇಟ್ಟದ್ದು ಆಚಾರ್ಯರ ಸೂಕ್ಷ್ಮ ದೃಷ್ಟಿ. ಸೂರ್ಯಾಸ್ತಕ್ಕೆ ಮುನ್ನ ಉಣ್ಣುವ ನೇಮವುಳ್ಳ ಹುಡುಗನಿಗೆ ಸಂಜೆ ಆರು ಗಂಟೆಗೆ ಮೀಟಿಂಗ್ ಇಟ್ಟು, ಅದು ಎಂಟರ ತನಕ ನಡೆದು, ಅವನು ಹಸಿದೇ ಮಲಗುವಂತಾದರೆ ಅದಕ್ಕೆ ಏನು ಹೆಸರು? ಅವನ ಕೈಯನ್ನು ಯಾರೂ ಕಟ್ಟಿಲ್ಲ. ಕೆಲಸವನ್ನು ಮಾತ್ರ ಕಟ್ಟಿದ್ದಾರೆ.

ಸಮಂತಭದ್ರಾಚಾರ್ಯರು ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತಾರೆ. ರತ್ನಕರಂಡಕ ಶ್ರಾವಕಾಚಾರದಲ್ಲಿ ಅತಿಭಾರವನ್ನು ಅವರು ಎರಡು ಕಡೆ ಹೇಳಿದ್ದಾರೆ. ಒಮ್ಮೆ ಅಹಿಂಸೆಯ ಅತಿಚಾರವಾಗಿ. ಇನ್ನೊಮ್ಮೆ ಪರಿಗ್ರಹಪರಿಮಾಣದ, ಅಂದರೆ ಸಂಪತ್ತಿಗೆ ಮಿತಿ ಹಾಕಿಕೊಳ್ಳುವ ವ್ರತದ ಅತಿಚಾರವಾಗಿ. ಅಲ್ಲಿ ಅತಿವಾಹನ, ಅತಿಸಂಗ್ರಹ, ಅತಿಲೋಭಗಳ ಜೊತೆಯಲ್ಲೇ ಅತಿಭಾರವಹನವೂ ಬರುತ್ತದೆ. ಎತ್ತು ಸುಖವಾಗಿ ನಡೆಯಬಲ್ಲ ದಾರಿಗಿಂತ ಹೆಚ್ಚು ನಡೆಸುವುದೇ ಅತಿವಾಹನ ಎಂದು ಟೀಕಾಕಾರರು ಬಿಡಿಸಿ ಹೇಳಿದ್ದಾರೆ. ಅತಿದುಡಿಮೆಯ ಬೇರು ಕ್ರೌರ್ಯದಲ್ಲಷ್ಟೇ ಇಲ್ಲ, ಲೋಭದಲ್ಲಿಯೂ ಇದೆ ಎಂಬುದು ಇದರ ತಾತ್ಪರ್ಯ. ಹೊರೆ ಹೊರಿಸುವವನಿಗೆ ಎತ್ತಿನ ಮೇಲೆ ದ್ವೇಷವಿರಬೇಕೆಂದಿಲ್ಲ. ಸಂತೆಗೆ ಇನ್ನೆರಡು ಮೂಟೆ ಮುಟ್ಟಬೇಕೆಂಬ ಆಸೆಯಿದ್ದರೆ ಸಾಕು.

ಇನ್ಫೋಸಿಸ್ ಸ್ಥಾಪಕರಲ್ಲೊಬ್ಬರಾದ ನಮ್ಮ ಕನ್ನಡಿಗ ಎನ್. ಆರ್. ನಾರಾಯಣಮೂರ್ತಿಯವರು 2023ರ ಅಕ್ಟೋಬರಿನಲ್ಲಿ ದೇಶದ ತರುಣರು ವಾರಕ್ಕೆ 70 ಗಂಟೆ ದುಡಿಯಬೇಕೆಂದರು. ಲಾರ್ಸನ್ ಆ್ಯಂಡ್ ಟೂಬ್ರೋ ಅಧ್ಯಕ್ಷ ಎಸ್. ಎನ್. ಸುಬ್ರಹ್ಮಣ್ಯನ್ ಅವರ 90 ಗಂಟೆಗಳ ಮಾತು 2025ರ ಜನವರಿಯಲ್ಲಿ ಹೊರಬಂತು. ಲೆಕ್ಕ ಹಾಕಿ ನೋಡಿ. ಆರು ದಿನಕ್ಕೆ 90 ಗಂಟೆಯೆಂದರೆ ದಿನಕ್ಕೆ 15 ಗಂಟೆ. ಉಳಿದ ಒಂಬತ್ತರಲ್ಲಿ ಪ್ರಯಾಣ, ಸ್ನಾನ, ಊಟ, ನಿದ್ರೆ, ತಂದೆತಾಯಿ, ಮಡದಿ ಮಕ್ಕಳು, ಸ್ವಾಧ್ಯಾಯ ಎಲ್ಲವೂ ಮುಗಿಯಬೇಕು. ಈ ಮಹನೀಯರು ತಾವೂ ಹಾಗೆ ದುಡಿದವರೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ತನ್ನ ಹೊಲದಲ್ಲಿ ಬೆಳದಿಂಗಳಿನಲ್ಲೂ ಉಳುವವನಿಗೂ, ಪರರ ಹೊಲದಲ್ಲಿ ಬೆಳದಿಂಗಳಿನಲ್ಲಿ ಉಳುವವನಿಗೂ ವ್ಯತ್ಯಾಸವಿದೆ. ಸ್ಥಾಪಕನ ಹೆಚ್ಚಿನ ಗಂಟೆ ಅವನ ಷೇರಿನ ಬೆಲೆಗೆ ಸೇರುತ್ತದೆ. ನೌಕರನ ಹೆಚ್ಚಿನ ಗಂಟೆಯೂ ಅಲ್ಲಿಗೇ ಸೇರುತ್ತದೆ.

ದೇಹ ಇದಕ್ಕೆ ತೆರುವ ಬೆಲೆಯೂ ಗೊತ್ತಾಗಿದೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಗಳು 2021ರಲ್ಲಿ ಪ್ರಕಟಿಸಿದ ಅಂದಾಜಿನಂತೆ, ವಾರಕ್ಕೆ 55 ಗಂಟೆ ಅಥವಾ ಹೆಚ್ಚು ದುಡಿದವರಲ್ಲಿ ಪಾರ್ಶ್ವವಾಯು ಮತ್ತು ಹೃದ್ರೋಗದಿಂದ 2016ರ ಒಂದೇ ವರ್ಷದಲ್ಲಿ ಜಗತ್ತಿನಾದ್ಯಂತ 7,45,000 ಮಂದಿ ಸತ್ತರು. 35ರಿಂದ 40 ಗಂಟೆ ದುಡಿಯುವವರಿಗಿಂತ ಅವರಿಗೆ ಪಾರ್ಶ್ವವಾಯುವಿನ ಅಪಾಯ ಶೇ. 35ರಷ್ಟು ಹೆಚ್ಚು.

ಹಾಗಾದರೆ ಹೊಣೆ ಯಾರದು? ಕೇಳಿ ನೋಡಿ. ತಂಡದ ನಾಯಕ ಮ್ಯಾನೇಜರನನ್ನು ತೋರಿಸುತ್ತಾನೆ. ಮ್ಯಾನೇಜರ್ ಗಿರಾಕಿಯನ್ನು, ಗಿರಾಕಿ ಮಾರುಕಟ್ಟೆಯನ್ನು, ಮಾರುಕಟ್ಟೆ ಷೇರುದಾರನನ್ನು ತೋರಿಸುತ್ತದೆ. ಷೇರುದಾರನ ಹೆಸರು ಹುಡುಕುತ್ತಾ ಹೋದರೆ ನಮ್ಮ ಮನೆಯ ಮ್ಯೂಚುವಲ್ ಫಂಡಿನ ಕಾಗದದ ಮುಂದೆ ಬಂದು ನಿಲ್ಲುತ್ತೇವೆ. ಕೃತ, ಕಾರಿತ, ಅನುಮೋದಿತ ಎಂದು ನಮ್ಮಲ್ಲಿ ಮೂರು ಬಗೆ ಹೇಳಿದ್ದಾರೆ. ಮಾಡಿದವನು, ಮಾಡಿಸಿದವನು, ಒಪ್ಪಿ ತಲೆದೂಗಿದವನು ಮೂವರಿಗೂ ಕರ್ಮಬಂಧವಿದೆ. ಕಂಪನಿಯೆಂಬ ವ್ಯವಸ್ಥೆ ಈ ಮೂವರನ್ನೂ ಬೇರೆ ಬೇರೆ ಮಹಡಿಗಳಲ್ಲಿ ಕೂರಿಸಿ, ಯಾರಿಗೂ ತಾನು ಹೊಣೆಯೆಂದು ಅನ್ನಿಸದಂತೆ ಮಾಡಿದೆ. ಅದರ ದೊಡ್ಡ ಬಲವಿರುವುದು ಹಣದಲ್ಲಿ ಅಲ್ಲ, ಇಲ್ಲಿ.

ವ್ರತವನ್ನು ಜೀವ ತೆಗೆದುಕೊಳ್ಳಬಲ್ಲದು, ಕಂಪನಿ ತೆಗೆದುಕೊಳ್ಳಲಾರದು. ಅದಕ್ಕೆ ಪಶ್ಚಾತ್ತಾಪವಿಲ್ಲ, ಪ್ರತಿಕ್ರಮಣವಿಲ್ಲ, ಮರುಜನ್ಮದ ಭಯವಿಲ್ಲ. ಆದ್ದರಿಂದ ಮನುಷ್ಯನಿಗೆ ಅಣುವ್ರತ ಹೇಗೋ, ಕಂಪನಿಗೆ ಕಾಯ್ದೆ ಹಾಗೆ. ಇದನ್ನು ಕೇಳಿ ನಮ್ಮ ವ್ಯಾಪಾರಿ ಬಂಧುಗಳು ‘ಸರ್ಕಾರ ಕೈಹಾಕಿದರೆ ವ್ಯಾಪಾರ ಕೆಡುತ್ತದೆ’ ಎನ್ನಬಹುದು. ಒಂದು ಪೇಟೆಯನ್ನು ಊಹಿಸಿಕೊಳ್ಳಿ. ಒಬ್ಬ ಸಜ್ಜನ ತನ್ನ ಕೆಲಸದ ಹುಡುಗರನ್ನು ರಾತ್ರಿ ಎಂಟಕ್ಕೆ ಮನೆಗೆ ಕಳಿಸಿ ಬಾಗಿಲು ಹಾಕುತ್ತಾನೆ. ಎದುರಿನ ಅಂಗಡಿ ಹತ್ತರ ತನಕ ತೆರೆದಿರುತ್ತದೆ. ಗಿರಾಕಿ ಅತ್ತ ಹೋಗುತ್ತಾನೆ. ವರ್ಷ ಕಳೆಯುವುದರೊಳಗೆ ಸಜ್ಜನನೂ ಹತ್ತರ ತನಕ ತೆರೆಯುತ್ತಾನೆ. ಎಲ್ಲರೂ ಎಂಟಕ್ಕೆ ಹುಡುಗರನ್ನು ಬಿಡಬೇಕೆಂಬ ನಿಯಮವಿದ್ದು ಅದು ಜಾರಿಯಲ್ಲಿದ್ದರೆ ಸಜ್ಜನನಿಗೆ ನಷ್ಟವಿಲ್ಲ. ನಿಯಮವಿಲ್ಲದ ಪೇಟೆಯಲ್ಲಿ ಶಿಕ್ಷೆಯಾಗುವುದು ಒಳ್ಳೆಯವನಿಗೇ.

ಈ ಮಿತಿಗಳನ್ನು ಯಾವ ಮಾಲೀಕನೂ ಕರುಣೆಯಿಂದ ಕೊಟ್ಟದ್ದಲ್ಲ. ಮಹಾತ್ಮಾ ಫುಲೆಯವರ ಸಹವರ್ತಿ ನಾರಾಯಣ ಮೇಘಾಜಿ ಲೋಖಂಡೆಯವರು 1884ರಲ್ಲಿ ಮುಂಬಯಿಯ ಗಿರಣಿ ಕಾರ್ಮಿಕರನ್ನು ಸೇರಿಸಿ ಮುಂದಿಟ್ಟ ಬೇಡಿಕೆಗಳು ನೋಡಿ: ಭಾನುವಾರ ರಜೆ, ನಡುಹಗಲು ಅರ್ಧ ಗಂಟೆ ಬಿಡುವು, ಸೂರ್ಯಾಸ್ತಕ್ಕೆ ಕೆಲಸ ನಿಲ್ಲಬೇಕು. ವಾರದ ರಜೆಯನ್ನು ಗಿರಣಿ ಮಾಲೀಕರು ಒಪ್ಪಲು 1890 ಬರಬೇಕಾಯಿತು. ಕಾರ್ಖಾನೆಗಳಲ್ಲಿ ವಾರಕ್ಕೆ 54 ಗಂಟೆ ಇದ್ದದ್ದು 48ಕ್ಕೆ ಇಳಿದದ್ದು, ಬಾಬಾಸಾಹೇಬ ಅಂಬೇಡ್ಕರರು ವೈಸರಾಯ್ ಮಂಡಲಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ದಾಗ ತಂದ 1946ರ ತಿದ್ದುಪಡಿಯಿಂದ. ನಾವು ಹುಟ್ಟಿನಿಂದ ಸಹಜವೆಂದು ತಿಳಿದಿರುವ ಭಾನುವಾರ ಹೋರಾಟದ ಫಲ.

ಈಗ ಚಕ್ರ ಹಿಂದಕ್ಕೆ ತಿರುಗುತ್ತಿದೆ. 2023ರಲ್ಲಿ ಕರ್ನಾಟಕ ಕಾರ್ಖಾನೆಗಳಲ್ಲಿ ದಿನಕ್ಕೆ 12 ಗಂಟೆಗೆ ದಾರಿ ತೆರೆಯಿತು. 2024ರ ಜುಲೈಯಲ್ಲಿ ಐಟಿ ನೌಕರರನ್ನು 12 ಗಂಟೆಗಿಂತಲೂ ಹೆಚ್ಚು ದುಡಿಸಬಹುದೆಂಬ ಪ್ರಸ್ತಾಪ ಬಂದು, ನೌಕರರ ಸಂಘದ ಪ್ರತಿಭಟನೆ ಎದುರಿಸಿತು. 2025ರ ಸೆಪ್ಟೆಂಬರಿನಲ್ಲಿ ಮಹಾರಾಷ್ಟ್ರದ ಮಂತ್ರಿಮಂಡಲ ಕಾರ್ಖಾನೆಗಳಿಗೆ 9ರಿಂದ 12 ಗಂಟೆ, ಅಂಗಡಿ ಕಚೇರಿಗಳಿಗೆ 9ರಿಂದ 10 ಗಂಟೆ ಏರಿಸಲು ಒಪ್ಪಿತು. ಎರಡು ರಾಜ್ಯಗಳಲ್ಲಿ ಬೇರೆ ಬೇರೆ ಪಕ್ಷಗಳ ಆಡಳಿತ. ಕಂಪನಿಗಳ ಮುಂದೆ ಮಾತ್ರ ಎರಡರದೂ ಒಂದೇ ನಮಸ್ಕಾರ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೇಂದ್ರದ ಕಾರ್ಮಿಕ ಸಂಹಿತೆ ದಿನಕ್ಕೆ 8 ಗಂಟೆಯೆನ್ನುತ್ತದೆ, ನಿಜ. ಆದರೆ ಆಡಳಿತಾತ್ಮಕ, ವ್ಯವಸ್ಥಾಪಕ ಕೆಲಸದವರು ಅದರ ‘ಕಾರ್ಮಿಕ’ ಎಂಬ ಅರ್ಥದೊಳಗೆ ಬರುವುದಿಲ್ಲ. ತಿಂಗಳಿಗೆ 18,000 ರೂಪಾಯಿಗಿಂತ ಹೆಚ್ಚು ಪಡೆಯುವ ಮೇಲ್ವಿಚಾರಕರೂ ಬರುವುದಿಲ್ಲ. ಕೈಕೆಳಗೆ ಒಬ್ಬನೂ ಇಲ್ಲದ ಹುಡುಗನಿಗೆ ‘ಮ್ಯಾನೇಜರ್’ ಎಂಬ ಹೆಸರು ಇಷ್ಟು ಸುಲಭವಾಗಿ ಏಕೆ ಸಿಗುತ್ತದೆಂದು ಯೋಚಿಸಿ.

ಈ ಭೋರ್ ತಾಲ್ಲೂಕು ಬಾರಾಮತಿ ಲೋಕಸಭಾ ಕ್ಷೇತ್ರಕ್ಕೆ ಸೇರಿದ್ದು. ಕೆಲಸದ ಹೊತ್ತು ಮುಗಿದ ಮೇಲೆ ಕಚೇರಿಯ ಕರೆ, ಮೇಲ್‌ಗಳಿಗೆ ಉತ್ತರಿಸದಿರುವ ಹಕ್ಕನ್ನು ಕೊಡಬೇಕೆಂಬ ಖಾಸಗಿ ಮಸೂದೆಯನ್ನು ಇಲ್ಲಿಯ ಸಂಸದೆ ಸುಪ್ರಿಯಾ ಸುಳೆಯವರು 2018ರ ಡಿಸೆಂಬರಿನಲ್ಲಿ ಮಂಡಿಸಿದರು. 2025ರ ಡಿಸೆಂಬರಿನಲ್ಲಿ ಮತ್ತೆ ಮಂಡಿಸಿದರು. ಅವರ ಪಕ್ಷ ಯಾವುದೆಂಬುದು ಇಲ್ಲಿ ಮುಖ್ಯವಲ್ಲ. 1970ರ ನಂತರ ಒಂದು ಖಾಸಗಿ ಮಸೂದೆಯೂ ಕಾಯ್ದೆಯಾಗಿಲ್ಲವಾದ್ದರಿಂದ, ಸರ್ಕಾರವೇ ಇದನ್ನು ಕೈಗೆತ್ತಿಕೊಳ್ಳುವಂತೆ ಒತ್ತಾಯಿಸುವುದು ಮುಖ್ಯ. ಫ್ರಾನ್ಸಿನಲ್ಲಿ ಈ ಹಕ್ಕು 2017ರಿಂದ ಇದೆ. ಅತಿದುಡಿಮೆಯ ಸಾವಿಗೆ ‘ಕರೋಶಿ’ ಎಂಬ ಶಬ್ದವನ್ನೇ ಕಂಡ ಜಪಾನ್ 2019ರಿಂದ ಹೆಚ್ಚುವರಿ ದುಡಿಮೆಗೆ ಸಾಮಾನ್ಯವಾಗಿ ತಿಂಗಳಿಗೆ 45 ಗಂಟೆಯ ಮಿತಿ ಹಾಕಿದೆ.

ಕಾಯ್ದೆ ಹೇಗಿರಬೇಕು? ಸಿಂಹಗಡದ ಆಚೆ ಖಡಕ್‌ವಾಸ್ಲಾ ಅಣೆಕಟ್ಟಿಗೆ 1903ರಲ್ಲಿ ನಮ್ಮ ಎಂ. ವಿಶ್ವೇಶ್ವರಯ್ಯನವರು ಸ್ವಯಂಚಾಲಿತ ಬಾಗಿಲುಗಳನ್ನು ಕೂರಿಸಿದರು. ನೀರು ಗೊತ್ತಾದ ಮಟ್ಟ ಮೀರಿದರೆ ಅವು ತಾವಾಗಿ ತೆರೆಯುತ್ತಿದ್ದವು, ಇಳಿದರೆ ಮುಚ್ಚುತ್ತಿದ್ದವು. ನಡುರಾತ್ರಿಯ ಮಳೆಯಲ್ಲಿ ಕಾವಲುಗಾರ ಎದ್ದು ಬರುವನೇ ಎಂಬ ನಂಬಿಕೆಯ ಮೇಲೆ ಬಾಗಿಲುಗಳ ಕೆಲಸ ನಿಂತಿರಲಿಲ್ಲ. ದುಡಿಮೆಯ ಕಾಯ್ದೆಯೂ ಹಾಗಿರಬೇಕು. ಪದವಿಯ ಹೆಸರು ಏನೇ ಇರಲಿ, ಪ್ರತಿಯೊಬ್ಬರ ಗಂಟೆಗಳೂ ದಾಖಲಾಗಬೇಕು. ಮಿತಿ ಮೀರಿದರೆ ಎರಡರಷ್ಟು ಸಂಬಳ ಕೇಳದೆಯೇ ಪಾವತಿಯಾಗಬೇಕು. ತಪಾಸಣೆಯ ವರದಿ ಸಾರ್ವಜನಿಕವಾಗಿರಬೇಕು. ತಪ್ಪಿಗೆ ನಿರ್ದೇಶಕ ಮಂಡಲಿಯೇ ಹೊಣೆಯಾಗಬೇಕು. ಲಂಚ ತಿನ್ನುವ ಇನ್ಸ್‌ಪೆಕ್ಟರನ ಭಯ ನಿಮಗಿದ್ದರೆ, ಅದಕ್ಕೆ ಪರಿಹಾರ ಪಾರದರ್ಶಕ ದಾಖಲೆ, ಇನ್ಸ್‌ಪೆಕ್ಟರನೇ ಬೇಡವೆನ್ನುವುದಲ್ಲ.

ಕೊನೆಯದಾಗಿ ನಮ್ಮ ಮನೆಯ ಮಾತು. ಸರ್ಕಾರಕ್ಕೆ ಪತ್ರ ಬರೆಯುವ ಮೊದಲು ನಮ್ಮ ಅಂಗಡಿ, ಗೋದಾಮು, ಸಿ.ಎ. ಕಚೇರಿಗಳಲ್ಲಿ ಬೆಳಗ್ಗೆ ಷಟರ್ ಎತ್ತಿದ ಹುಡುಗ ಎಷ್ಟು ಹೊತ್ತಿಗೆ ಮನೆಗೆ ಹೋಗುತ್ತಾನೆ ನೋಡೋಣ. ಸಂಬಂಧ ನೋಡುವಾಗ ‘ಪ್ಯಾಕೇಜ್ ಎಷ್ಟು?’ ಎನ್ನುವುದರ ಜೊತೆಗೆ ‘ಎಷ್ಟು ಹೊತ್ತಿಗೆ ಮನೆಗೆ ಬರುತ್ತೀರಿ?’ ಎಂದೂ ಕೇಳೋಣ. ಪರವೂರಿನಿಂದ ಮಗಳು ಫೋನ್ ಮಾಡಿ ‘ಅಪ್ಪಾ, ಇನ್ನು ಆಗುವುದಿಲ್ಲ’ ಎಂದರೆ ‘ಇನ್ನೊಂದು ವರ್ಷ ತಾಳಿಕೋ ಮಗಳೇ’ ಎನ್ನುವುದೂ ಅನುಮೋದನೆಯೇ ಎಂಬುದನ್ನು ನೆನಪಿಡೋಣ.

ಎರಡು ಮನವಿಗಳನ್ನು ಬರೆದು ತಂದಿದ್ದೇನೆ. ಒಂದು ಈ ಕ್ಷೇತ್ರದ ಸಂಸದರಿಗೆ ಮತ್ತು ಶಾಸಕರಿಗೆ; ಇನ್ನೊಂದು ನಮ್ಮ ಸಮಾಜದ ಮಾಲೀಕರಿಗೆ. ಮೊದಲನೆಯದಕ್ಕೆ ಎಲ್ಲರೂ ಸಹಿ ಹಾಕುವಿರೆಂದು ಬಲ್ಲೆ. ಎರಡನೆಯದನ್ನು ಮೊದಲು ಮೇಜಿನ ಮೇಲೆ ಇಡುತ್ತೇನೆ.

ಜೈ ಜಿನೇಂದ್ರ.