ಪೇಟಿ ಮಾಸ್ತರರ ಬಾಳು
(ಶತಮಾನೋತ್ಸವದ ಸಾಂಸ್ಕೃತಿಕ ಸಂಜೆಯಲ್ಲಿ ಮಾಡಿದ ಭಾಷಣ)



ನಮ್ಮ ಹೊಸಪೇಟೆ, ಸಂಡೂರು, ಕಂಪ್ಲಿ ಸೀಮೆಯಲ್ಲಿ ಪೇಟಿ ಮಾಸ್ತರರೆಂದರೆ ಯಾರೆಂದು ಬಿಡಿಸಿ ಹೇಳಬೇಕಾಗಿಲ್ಲ. ನಾಟಕದಲ್ಲಿ ಹಾರ್ಮೋನಿಯಂ ನುಡಿಸುವವರು ಅವರು. ನಾಟಕ ಈ ನೆಲಕ್ಕೆ ಹೊಸತಲ್ಲ. ಹಂಪಿಯ ನೆರೆಯ ಕಮಲಾಪುರದಲ್ಲಿ 1854ರಲ್ಲಿ ಜನಿಸಿದ ಕೋಲಾಚಲಂ ಶ್ರೀನಿವಾಸರಾಯರು ವಿಜಯನಗರದ ಪತನವನ್ನೇ ವಸ್ತುವಾಗಿಸಿ ತೆಲುಗಿನಲ್ಲಿ ನಾಟಕ ರಚಿಸಿದರು. ಕನ್ನಡ ಕಂಪನಿಗಳು ಜಾತ್ರೆಯಿಂದ ಜಾತ್ರೆಗೆ ತಂಬು ಹೊತ್ತು ಸಾಗಿದವು. ಊರ ಹವ್ಯಾಸಿಗಳಿಗೆ ಪದ್ಯ ಕಲಿಸಿ, ವಾರಗಟ್ಟಲೆ ತಾಲೀಮು ನಡೆಸುವವರೂ ಈ ಮಾಸ್ತರರೇ.

ಪೇಟಿ ಬಂದದ್ದು ಹೊರನಾಡಿನಿಂದ. ಪ್ಯಾರಿಸ್ಸಿನ ಅಲೆಕ್ಸಾಂಡರ್ ದಬೇನ್ 1840ರ ದಶಕದಲ್ಲಿ ಇದಕ್ಕೆ ಹಕ್ಕುಪತ್ರ ಪಡೆದನು. ಕಾಲಿನಿಂದ ತಿದಿಯೊತ್ತುವ ಪೇಟಿಯಲ್ಲಿ ಎರಡು ಕೈಗಳೂ ಮನೆಗಳ ಮೇಲೆ ಓಡಾಡಬಲ್ಲವು. ಮಾಸ್ತರರು ರಂಗದ ಮುಂದೆ, ಪ್ರೇಕ್ಷಕರಿಗೆ ಬೆನ್ನುಮಾಡಿ ಕುಳಿತಿರುತ್ತಾರೆ. ಯಾವ ನಟನಿಗೆ ಕಪ್ಪು ಎರಡು, ಯಾವ ನಟಿಗೆ ಬಿಳಿ ನಾಲ್ಕು ಎಂಬುದು ಅವರಿಗೆ ಕಂಠಪಾಠ. ಪಾತ್ರಧಾರಿ ಮಾತು ಮರೆತರೆ ಸ್ವರದಿಂದ ಆ ತೆರಪನ್ನು ತುಂಬುತ್ತಾರೆ. ಬಣ್ಣದ ಮನೆಯಿಂದ ಬರುವುದು ತಡವಾದರೆ ಪಲ್ಲವಿಯನ್ನು ಬೆಳೆಸುತ್ತಾರೆ. ‘ಒನ್ಸ್ ಮೋರ್’ ಎಂಬ ಕೂಗು ಮಾತ್ರ ನಟನಿಗೆ ಸಲ್ಲುತ್ತದೆ.

ಹೊರದೇಶಗಳ ಮೂಕಿ ಚಿತ್ರಮಂದಿರಗಳಲ್ಲಿ ಇದೇ ಕೆಲಸವನ್ನು ಆರ್ಗನ್ ವಾದಕರು ಮಾಡುತ್ತಿದ್ದರು. ಪರದೆಯ ಮೇಲೆ ನಗೆ ಬಂದರೆ ನಗೆ, ಅಳು ಬಂದರೆ ಅಳು. ಒಬ್ಬರೇ ಇಡೀ ವಾದ್ಯವೃಂದವಾಗುತ್ತಿದ್ದರು. 1927ರ ಬಳಿಕ ಚಿತ್ರಕ್ಕೇ ಮಾತು ಬಂದಾಗ ಅವರಲ್ಲಿ ಬಹುಮಂದಿಯ ಅನ್ನ ಹೋಯಿತು. ಅಮೆರಿಕದ ರೋಸಾ ರಿಯೊ ಎಂಬಾಕೆ ಆಗ ರೇಡಿಯೊವನ್ನು ಆಶ್ರಯಿಸಿದರು. ಮುಪ್ಪಿನಲ್ಲಿ ಮತ್ತೆ ಮೂಕಿ ಚಿತ್ರಗಳಿಗೆ ಮರಳಿ, 1926ರಲ್ಲಿ ತೆರೆದ ಟ್ಯಾಂಪಾ ಚಿತ್ರಮಂದಿರದಲ್ಲಿ ನೂರು ದಾಟಿದ ಮೇಲೂ ನುಡಿಸಿದರು. 2010ರಲ್ಲಿ, 107ನೆಯ ವಯಸ್ಸಿನಲ್ಲಿ ತೀರಿಕೊಂಡರು.

ನಮ್ಮಲ್ಲಿ ಮಾತು ಬಂದದ್ದು 1931ರಲ್ಲಿ, ‘ಆಲಂ ಆರಾ’ ಚಿತ್ರದಿಂದ. ಮರಾಠಿ ಕಂಪನಿಗಳಲ್ಲಿ ಪೇಟಿಯಿಂದ ಹೆಸರಾದ ಗೋವಿಂದರಾವ್ ಟೆಂಬೆಯವರು 1932ರ ‘ಅಯೋಧ್ಯೇಚಾ ರಾಜಾ’ ಚಿತ್ರಕ್ಕೆ ಸಂಗೀತ ನೀಡಿ, ಹರಿಶ್ಚಂದ್ರನ ಪಾತ್ರವನ್ನೂ ವಹಿಸಿದರು. 1934ರ ‘ಸತಿ ಸುಲೋಚನಾ’ದಲ್ಲಿ ರಂಗಭೂಮಿಯ ಆರ್. ನಾಗೇಂದ್ರರಾಯರು ಕನ್ನಡಕ್ಕೆ ಅದೇ ಸೇವೆ ಸಲ್ಲಿಸಿದರು. ಹೀಗೆ ದಾರಿ ಕಂಡವರು ಕೆಲವರೇ. ಅದರ ಮೇಲೆ 1940ರಲ್ಲಿ ಆಕಾಶವಾಣಿಯು, ಸ್ವರದಿಂದ ಸ್ವರಕ್ಕೆ ಜಾರಲಾರದ ವಾದ್ಯವೆಂದು, ಹಾರ್ಮೋನಿಯಂಗೆ ಬಾಗಿಲು ಹಾಕಿತು. ಆ ನಿಷೇಧ ಸಡಿಲವಾಗಲು 1971 ಬರಬೇಕಾಯಿತು.

ದೇವಾಲಯದಲ್ಲಿಯೂ ವಾದ್ಯಗಳ ವಿಚಾರ ನಡೆದೇ ಇದೆ. 1903ರಲ್ಲಿ ಹತ್ತನೆಯ ಭಕ್ತಿನಾಥ ಜಗದ್ಗುರುಗಳು ಆರ್ಗನ್ನಿಗೆ ಅನುಮತಿಯಿತ್ತು, ನಾಟಕಶೈಲಿಯ ಸಂಗೀತವನ್ನು ದೂರವಿಡಲು ಆಜ್ಞಾಪಿಸಿದರು. 1963ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆಯು, ಪವಿತ್ರ ಕಾರ್ಯಕ್ಕೆ ತಕ್ಕುದಾದ ಇತರ ವಾದ್ಯಗಳನ್ನೂ ಸ್ವೀಕರಿಸಬಹುದೆಂದಿತು. ತಂಬುವಿನಲ್ಲಿ ನುಡಿದ ಪೇಟಿಯೇ ಬಲಿಪೀಠದ ಬಳಿ ನುಡಿಯುವಾಗ, ವಾದ್ಯಕ್ಕಿಂತ ನುಡಿಸುವವರ ಮನೋಭಾವವೇ ದೊಡ್ಡದೆಂದು ನಾವು ತಿಳಿಯುತ್ತೇವೆ.

ಇಂದು ತಾಳವನ್ನೂ ಸ್ವರವನ್ನೂ ಮೊದಲೇ ತುಂಬಿಟ್ಟ ಯಂತ್ರಗಳು ಅಗ್ಗವಾಗಿ ದೊರೆಯುತ್ತವೆ. ಅವುಗಳಿಂದ ಉಪಕಾರವುಂಟು, ಅಲ್ಲಗಳೆಯುವುದಿಲ್ಲ. ಆದರೆ ಮುದುಕಿಯೊಬ್ಬಳು ಉಸಿರು ಸಾಲದೆ ಚರಣದ ನಡುವೆ ನಿಂತರೆ, ತುಂಬಿಟ್ಟ ತಾಳವು ಅವಳಿಗಾಗಿ ನಿಲ್ಲುವುದಿಲ್ಲ. ಪೇಟಿ ಮಾಸ್ತರರು ನಿಲ್ಲುತ್ತಾರೆ. ಪರರ ಉಸಿರಿಗೆ ಕಿವಿಗೊಡುವುದೇ ಅವರ ವಿದ್ಯೆ.

ಈ ವಿದ್ಯೆ ಬಲ್ಲ ಹಿರಿಯರು ನಮ್ಮ ಊರುಗಳಲ್ಲಿ ಇನ್ನೂ ಇದ್ದಾರೆ. ಅವರನ್ನು ಕರೆದು ಶಾಲು ಹೊದಿಸಿದರೆ ಸಾಲದು. ನಮ್ಮ ಮಕ್ಕಳಲ್ಲಿ ಇಬ್ಬರನ್ನಾದರೂ ಅವರ ಬಳಿ ಕೂರಿಸೋಣ. ಕಲಿಸಿದ್ದಕ್ಕೆ ತಕ್ಕ ಸಂಭಾವನೆಯನ್ನು ತಪ್ಪದೆ ಕೊಡೋಣ. ಈ ನೂರನೆಯ ವರ್ಷದಲ್ಲಿ ಅಷ್ಟನ್ನು ಆರಂಭಿಸಬೇಕೆಂದು ತಮ್ಮೆಲ್ಲರಲ್ಲಿ ವಿನಂತಿಸಿ, ನಮ್ಮ ಮಾತನ್ನು ಮುಗಿಸುತ್ತೇವೆ.