ರಜೆಯ ಸೇವೆ: ಪರದೇಶದಲ್ಲಿ ಕಂಡದ್ದು

(ಸಂಘದ ರಜತ ಮಹೋತ್ಸವ ಸಭೆಯಲ್ಲಿ ನಿವೃತ್ತ ಶಿಕ್ಷಕಿಯೊಬ್ಬರು ಮಾಡಿದ ಭಾಷಣದ ಬರಹರೂಪ)



ಹಾನಗಲ್ಲ, ಶಿಗ್ಗಾಂವಿ, ಸವಣೂರ, ಹಿರೇಕೆರೂರ ಈ ನಾಲ್ಕೂ ತಾಲೂಕುಗಳ ಶಾಲೆಗಳಲ್ಲಿ ಪಾಠ ಹೇಳಿ ನಿವೃತ್ತಳಾದವಳು ನಾನು. ಸಹಕಾರ ತತ್ವದ ಬಗ್ಗೆ ಮಾತಾಡಲು ಬಲ್ಲವರು ಇಲ್ಲಿ ಬಹಳ ಮಂದಿ ಇದ್ದಾರೆ. "ಇಂಗ್ಲೆಂಡಿಗೆ ಹೋಗಿ ಬಂದೀರಿ, ಅಲ್ಲೀದು ನಾಕು ಮಾತು ಹೇಳ್ರಿ ಅಕ್ಕೋರ" ಎಂದು ಕಾರ್ಯದರ್ಶಿಯವರು ಒತ್ತಾಯ ಮಾಡಿದ್ದಕ್ಕೆ ನಿಂತಿದ್ದೇನೆ.

ನನ್ನ ಮಗಳ ಸಂಸಾರ ಮ್ಯಾಂಚೆಸ್ಟರಿನಲ್ಲಿದೆ. ಒಂದು ಚಳಿಗಾಲ ಅಲ್ಲಿದ್ದೆ. ಕ್ರಿಸ್‌ಮಸ್ ರಜೆಯಲ್ಲಿ ಮಗಳು ಫುಡ್ ಬ್ಯಾಂಕ್ ಎಂಬಲ್ಲಿಗೆ ಸೇವೆಗೆ ಹೊರಟಾಗ ನಾನೂ ಬರ್ತೀನವ್ವಾ ಅಂದೆ. ಪ್ರವಾಸಿ ವೀಸಾದವರು ನೋಂದಾಯಿತ ಧರ್ಮಸಂಸ್ಥೆಯಲ್ಲಿ ಸಂಬಳವಿಲ್ಲದೆ ಒಟ್ಟು 30 ದಿನದವರೆಗೆ ಸೇವೆ ಮಾಡಲು ಅಲ್ಲಿಯ ಕಾನೂನು ಒಪ್ಪುತ್ತದೆ.

ಫುಡ್ ಬ್ಯಾಂಕ್ ಅಂದರೆ ಠೇವಣಿ ಇಡುವ ಬ್ಯಾಂಕ್ ಅಲ್ಲ. ಜನ ದಾನ ಕೊಟ್ಟ ಕಾಳುಕಡಿ, ಡಬ್ಬಿಯ ಪದಾರ್ಥ, ಚಹಾಪುಡಿ, ಹಾಲಿನ ಪೊಟ್ಟಣ ಕೂಡಿಸಿಟ್ಟು, ಕೈಸೋತವರಿಗೆ ಹಂಚುವ ಜಾಗ. ಟ್ರಸ್ಸೆಲ್ ಎಂಬ ಸಂಸ್ಥೆ 2000ನೇ ಇಸವಿಯಲ್ಲಿ ಸಾಲ್ಸ್‌ಬರಿ ಊರಲ್ಲಿ ಇಂಥ ಒಂದನ್ನು ತೆರೆಯಿತು. ಈಗ ಅದರ ಕೂಟದಲ್ಲೇ ಸಾವಿರಕ್ಕೂ ಹೆಚ್ಚು ಕೇಂದ್ರಗಳಿವೆ. ವೈದ್ಯರೋ, ಶಾಲೆಯವರೋ, ಸಲಹಾ ಕೇಂದ್ರದವರೋ ಕೊಟ್ಟ ಚೀಟಿ ತಂದರೆ ಮನೆಮಂದಿಗೆ ಮೂರು ದಿನಕ್ಕಾಗುವಷ್ಟು ಸಾಮಾನು. ಅಂಥ ಶ್ರೀಮಂತ ದೇಶದಲ್ಲಿ ಇಷ್ಟು ಹಸಿವೇ ಅಂತ ನನಗೆ ದಿಗಿಲಾಯಿತು. ಬಾಡಿಗೆ, ಕರೆಂಟ್ ಬಿಲ್ಲು ಕೊಟ್ಟ ಮೇಲೆ ಕೆಲಸವಿದ್ದವರಿಗೂ ಕೈಯಲ್ಲಿ ಏನೂ ಉಳಿಯೋದಿಲ್ಲವಂತೆ.

ನನಗೆ ಕೊಟ್ಟ ಕೆಲಸ ಡಬ್ಬಿಗಳ ಮೇಲಿನ ತಾರೀಖು ಓದಿ ವರ್ಷವಾರು ಹೊಂದಿಸಿ ಇಡುವುದು. ಸೀರೆಯ ಮೇಲೆ ಎರಡು ಸ್ವೆಟರ್ ಹಾಕಿಕೊಂಡು ಅದನ್ನೇ ಮಾಡಿದೆ. ಒಂದು ದಿನ ಕೂಸನ್ನೆತ್ತಿಕೊಂಡ ಹುಡುಗಿಯೊಬ್ಬಳು ಬಾಗಿಲ ತನಕ ಬಂದು, ತಿರುಗಿ ಹೋಗಿ, ಮತ್ತೆ ಬಂದಳು. ಅಲ್ಲಿಯ ಹಿರಿಯ ಹೆಂಗಸು ಚೀಟಿ ಎಲ್ಲಿ ಅಂತ ಕೇಳಲಿಲ್ಲ. ಕುರ್ಚಿ ಎಳೆದು ಕೂಡಿಸಿ ಚಹಾ ಕೊಟ್ಟಳು. ಚೀಟಿಯ ಮಾತು ಆಮೇಲೆ. ಯಾಕೆ ಬಡತನ ಬಂತು ಎಂಬ ಪ್ರಶ್ನೆ ಕಡೆಯವರೆಗೂ ಬರಲಿಲ್ಲ.

ಇನ್ನೊಂದು ಮಾತು ಆ ಹೆಂಗಸೇ ನನಗೆ ಹೇಳಿದ್ದು. ಡಿಸೆಂಬರಿನಲ್ಲಿ ಸೇವೆಗೆ ಬರುವವರು ಎಷ್ಟು ಮಂದಿ ಅಂದರೆ ಕೆಲವರನ್ನು ಬೇಡ ಅಂತ ಕಳಿಸಬೇಕಾಗುತ್ತದೆ. ಫೆಬ್ರುವರಿ ಬಂದರೆ ಚಳಿ ಹಾಗೇ ಇರುತ್ತದೆ, ಬಿಲ್ಲು ಇನ್ನೂ ಏರಿರುತ್ತದೆ, ಡಬ್ಬಿ ಎತ್ತಿಡಲು ಜನ ಇರುವುದಿಲ್ಲ. ನೋಡ್ರಿ, ಹಸಿವಿಗೆ ರಜೆಯ ಪಂಚಾಂಗ ಗೊತ್ತಿಲ್ಲ.

ಮ್ಯಾಂಚೆಸ್ಟರಿನಿಂದ ಹತ್ತು ಮೈಲಿಯ ಆಚೆಗೆ ರಾಚ್‌ಡೇಲ್ ಎಂಬ ಊರಿದೆ. ಮಗಳು ಅಲ್ಲಿಗೂ ಕರೆದುಕೊಂಡು ಹೋದಳು. 1844ರ ಡಿಸೆಂಬರ್ 21ರಂದು, ಇದೇ ಕ್ರಿಸ್‌ಮಸ್ ಹೊತ್ತಿನಲ್ಲಿ, ಆ ಊರಿನ ನೇಕಾರರು ಮತ್ತಿತರ ದುಡಿಯುವವರು ತಲೆಗೊಂದು ಪೌಂಡ್‌ನಂತೆ ಕೂಡಿಸಿದ ಹಣದಲ್ಲಿ ಟೋಡ್ ಲೇನ್‌ನಲ್ಲಿ ಅಂಗಡಿ ತೆರೆದರು. ಹಿಟ್ಟು, ಬೆಣ್ಣೆ, ಸಕ್ಕರೆ, ಓಟ್ಸ್ ಹಿಟ್ಟು, ಮೇಣದ ಬತ್ತಿ, ಇಷ್ಟೇ ಸರಕು. ತೂಕದಲ್ಲಿ ಮೋಸವಿಲ್ಲ, ಕಲಬೆರಕೆ ಇಲ್ಲ, ಉದ್ದರಿ ಇಲ್ಲ. ಲಾಭದಲ್ಲಿ ಕೊಂಡವರಿಗೆ ಪಾಲು. ಆ ಮನೆ ಈಗ ವಸ್ತುಸಂಗ್ರಹಾಲಯ. ಅವರು ಯಾರ ದಾನಕ್ಕೂ ಕಾಯಲಿಲ್ಲ. ನಮ್ಮ ಪಕ್ಕದ ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಪತ್ತಿನ ಸಂಘ ಕಟ್ಟಿದ್ದೂ ಸಾಹುಕಾರನ ಬಡ್ಡಿಯಿಂದ ಪಾರಾಗಲಿಕ್ಕೆ. ಫುಡ್ ಬ್ಯಾಂಕಿನಲ್ಲಿ ಬಂದವರು ಇಸಗೊಳ್ಳುವವರು, ಇಲ್ಲಿ ಪಾಲುದಾರರು. ನನಗೆ ಎರಡನೆಯದೇ ಮೇಲು ಅನಿಸಿತು. ಆದರೆ ಆ ಮೊದಲು ಕೊಟ್ಟ ಚಹಾ ಇದೆಯಲ್ಲ, ಅದನ್ನು ನಾವು ಅವರಿಂದ ಕಲೀಬೇಕು.

ನಮ್ಮ ಸಂಘದ ಸ್ಥಿತಿ ಹೇಳ್ತೀನಿ, ಯಾರೂ ಸಿಟ್ಟಾಗಬ್ಯಾಡ್ರಿ. ಕಂತು ಬಾಕಿ ಉಳಿದವರು ಸಂಘದ ಕಟ್ಟಿ ಹತ್ತುವುದನ್ನೇ ಬಿಡುತ್ತಾರೆ. ಬಾರದವರಿಗೆ ಬೀಜ ಬಂದದ್ದು ಗೊತ್ತಾಗುವುದಿಲ್ಲ, ಬೆಳೆ ವಿಮೆಯ ಕಡೇ ತಾರೀಖು ಗೊತ್ತಾಗುವುದಿಲ್ಲ. ಉತಾರದಲ್ಲಿ ಒಂದು ಹೆಸರು, ಆಧಾರಿನಲ್ಲಿ ಇನ್ನೊಂದು ಇದ್ದರೆ ಅರ್ಜಿ ಅಲ್ಲಿಗೇ ನಿಂತಿತು. ಗಂಡ ತೀರಿಕೊಂಡ ಹೆಣ್ಣುಮಕ್ಕಳ ಪಾಡಂತೂ ಕೇಳಬ್ಯಾಡ್ರಿ. ಗೋವಿನಜೋಳ, ಹತ್ತಿ ಒಂದು ಮಳೆ ತಪ್ಪಿದರೆ ಹೋಗುತ್ತವೆ. ವಿಮೆಯೂ ಇಲ್ಲದಿದ್ದರೆ ಆ ಮನೆ ಮತ್ತೆ ಕೈಗಡಕ್ಕೇ ಹೋಗಬೇಕು.

ಬೆಂಗಳೂರು, ಪುಣೆ, ಪರದೇಶದಲ್ಲಿರುವ ನಮ್ಮ ಮಕ್ಕಳು ದೀಪಾವಳಿಗೆ, ಜಾತ್ರೆಗೆ ಬರುತ್ತಾರೆ. ಗುಡಿ ಮುಂದೆ ಕಸ ಗುಡಿಸಿ, ಶಾಲೆಗೆ ಬಣ್ಣ ಹಚ್ಚಿ, ಫೋಟೊ ತೆಗೆಸಿಕೊಂಡು ಹೋಗುತ್ತಾರೆ. ಒಳ್ಳೆಯದೇ. ಆದರೆ ಸಂಘಕ್ಕೆ ಕೈ ಬೇಕಾಗುವುದು ಮಿರಗದ ಮಳೆಯ ಹೊತ್ತಿಗೆ, ಜೂನ್ ಜುಲೈನಲ್ಲಿ. ಮೊದಲು ನಮ್ಮಲ್ಲಿ ಮುಯ್ಯಾಳು ಅಂತ ಇತ್ತು. ಬಿತ್ತನೆ ಇದ್ದಾಗಲೇ ಬರಬೇಕು, ಸುಗ್ಗಿ ಮುಗಿದ ಮೇಲೆ ಬಂದರೆ ಅದು ಮುಯ್ಯಿ ಅಲ್ಲ. ಮೂರೇ ದಿನ ರಜೆ ಹಾಕಿ ಬಂದು, ಸಂಘದ ಕಟ್ಟೆಯ ಮೇಲೆ ಕುಳಿತು ಅರ್ಜಿ ತುಂಬಿಕೊಡಲಿ. ಬಾರದವರ ಮನೆಗೆ ಹೋಗಿ ಕರೆದುಕೊಂಡು ಬರಲಿ.

ಕಾರ್ಯದರ್ಶಿಯವರ ಮೇಜಿನ ಮೇಲೆ ಒಂದು ವಹಿ ಇಡಿಸಿದ್ದೇನೆ. ಊಟಕ್ಕೆ ಏಳುವ ಮುಂಚೆ ನಿಮ್ಮ ಮಕ್ಕಳ ಹೆಸರು, ಬರುವ ವಾರ ಬರೆಸಿರಿ. ಜುಲೈ ಕೊನೆಯ ವಾರಕ್ಕೆ ಈವರೆಗೆ ಯಾರೂ ಬರೆಸಿಲ್ಲ. ಚಹಾದ ಖರ್ಚು ನನ್ನದು.